ಹ್ಯಾಂಡಲ್ ಹಿಡಿಯುವ ಕೈಗೂ ನ್ಯಾಯ ಬೇಕು



ಸಂಬಳ, ರಜೆ, ಬೋನಸ್ಸು, ಮಲಗುವ ಜಾಗ ಇವುಗಳ ಬಗ್ಗೆ ನಾವು ಈ ಪತ್ರಿಕೆಯಲ್ಲಿ ಎಷ್ಟೋ ಸಲ ಬರೆದಿದ್ದೇವೆ. ಈ ಸಲ ಬರೆಯಹೊರಟಿರುವುದು ಸೈಕಲ್ಲಿನ ಹ್ಯಾಂಡಲಿನ ಬಗ್ಗೆ. "ಸಂಘದವರಿಗೆ ಬೇರೆ ವಿಷಯ ಸಿಗಲಿಲ್ಲವೇ?" ಎಂದು ಕೆಲವರು ನಗಬಹುದು. ನಗಲಿ. ನಕ್ಕು ಮುಗಿದ ಮೇಲೆ ತಮ್ಮ ಕಿರುಬೆರಳನ್ನೊಮ್ಮೆ ಉಗುರಿನಿಂದ ಚಿವುಟಿ ನೋಡಿಕೊಳ್ಳಲಿ. ಚಿವುಟಿದ್ದು ತಿಳಿದರೆ ಅವರು ಪುಣ್ಯವಂತರು. ತಿಳಿಯದವರೂ ನಮ್ಮೊಳಗೆ ಇದ್ದಾರೆ. ಅವರಿಗಾಗಿ ಈ ಲೇಖನ.

ಕಳೆದ ಮಳೆಗಾಲದಲ್ಲಿ ಕುಂದಾಪುರ ಕಡೆಯ ಒಬ್ಬ ಹುಡುಗ ನಮ್ಮ ಕಚೇರಿಗೆ ಬಂದ. ಒಂದು ಹೋಟೇಲಿನಲ್ಲಿ ಪಾರ್ಸಲ್ ಕೊಡುವ ಕೆಲಸ. ಬೆಳಿಗ್ಗೆ ಆರರಿಂದ ಹತ್ತರವರೆಗೆ, ಸಂಜೆ ನಾಲ್ಕರಿಂದ ಒಂಬತ್ತರವರೆಗೆ ಸೈಕಲ್ಲಿನ ಮೇಲೆ. ನಡುವೆ ಪುರುಸೊತ್ತು ಸಿಕ್ಕಿದರೆ ಕಪ್ಪು ಬಶಿ ತೊಳೆಯುವುದು, ಟೇಬಲ್ ಒರೆಸುವುದು. ಅವನ ದೂರು ಸೈಕಲ್ಲಿನದ್ದಲ್ಲ, ಸಂಬಳದ್ದು. ತಿಂಗಳಲ್ಲಿ ಹನ್ನೊಂದು ಗ್ಲಾಸು ಒಡೆದವೆಂದು ಧಣಿಗಳು ಹಣ ಮುರಿದುಕೊಂಡಿದ್ದರು. "ನೀನು ಒಡೆದದ್ದು ನಿಜವೋ ಸುಳ್ಳೋ?" ಎಂದು ಕೇಳಿದೆವು. "ನಿಜ ಅಣ್ಣಾ. ಕೈಯಿಂದ ಜಾರುತ್ತದೆ. ಹಿಡಿದಿದ್ದೇನೆ ಅಂದುಕೊಳ್ಳುತ್ತೇನೆ, ನೋಡಿದರೆ ಹಿಡಿದಿರುವುದಿಲ್ಲ" ಎಂದ. ಹುಡುಗನಿಗೆ ಉಡಾಫೆ ಹೆಚ್ಚು ಎಂದು ಹೋಟೇಲಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಹೇಳಿ ಹೇಳಿ, ಅವನಿಗೂ ಅದೇ ಸತ್ಯವೆಂದು ತೋರಿತ್ತು.

ನಾವು ಅವನನ್ನು ಸರಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿಯ ಡಾಕ್ಟರು ಒಂದು ಕಾಗದದ ಚೂರನ್ನು ಅವನ ಹೆಬ್ಬೆರಳು ತೋರುಬೆರಳುಗಳ ನಡುವೆ ಕೊಟ್ಟು ಗಟ್ಟಿಯಾಗಿ ಹಿಡಿ ಎಂದರು. ಹಿಡಿದ. ಮೆಲ್ಲಗೆ ಎಳೆದರು. ಕಾಗದ ಜಾರಿ ಅವರ ಕೈಗೆ ಬಂತು. ಇಪ್ಪತ್ತು ವಯಸ್ಸಿನ, ಅಕ್ಕಿಮೂಟೆ ಎತ್ತಬಲ್ಲ ಹುಡುಗ ಒಂದು ಕಾಗದದ ಚೂರನ್ನು ಹಿಡಿದುಕೊಳ್ಳಲಾರದೆ ಹೋದ. ಅನಂತರ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಸೈಕಲ್ ಹೊಡೆಯುತ್ತೀಯಾ?"

ನಮಗೆ ಆಶ್ಚರ್ಯವಾಯಿತು. ಆದರೆ ಅದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಇಲ್ಲವೆಂದು ಅವರು ತಿಳಿಸಿ ಹೇಳಿದರು. ಮೊಣಕೈಯ ಒಳಗಡೆಯ ಎಲುಬಿಗೆ ಏನಾದರೂ ತಾಗಿದರೆ ಕರೆಂಟು ಹೊಡೆದಂತಾಗುತ್ತದಲ್ಲ, ಅದು ಒಂದು ನರ. ಅದೇ ನರ ಕೆಳಗಿಳಿದು ಅಂಗೈಯ ಬುಡದಲ್ಲಿ, ಕಿರುಬೆರಳಿನ ಬದಿಯಲ್ಲಿ, ಚರ್ಮಕ್ಕೆ ಬಹಳ ಹತ್ತಿರದಲ್ಲಿ ಬೆರಳುಗಳ ಕಡೆಗೆ ಹೋಗುತ್ತದೆ. ಸೈಕಲ್ಲಿನ ಮೇಲೆ ಮುಂದಕ್ಕೆ ಬಾಗಿ, ಮೈಯ ಭಾರವನ್ನೆಲ್ಲ ಅಂಗೈಯ ಆ ಬುಡದ ಮೇಲೆ ಹಾಕಿ ಗಂಟೆಗಟ್ಟಲೆ ಹೋದರೆ ಹ್ಯಾಂಡಲಿನ ಕಬ್ಬಿಣಕ್ಕೂ ಎಲುಬಿಗೂ ನಡುವೆ ಆ ನರ ಅದುಮಿ ಹೋಗುತ್ತದೆ. ಮೊದಲು ಕಿರುಬೆರಳು, ಉಂಗುರಬೆರಳು ಜೋಮು ಹಿಡಿಯುತ್ತವೆ. ಸೈಕಲ್ ಇಳಿದು ಕೈ ಕೊಡವಿದರೆ ಸರಿಹೋಗುತ್ತದೆ. ಕೆಲವು ವಾರಗಳಾದ ಮೇಲೆ ಕೊಡವಿದರೂ ಸರಿಹೋಗುವುದಿಲ್ಲ. ಬೆರಳುಗಳನ್ನು ಅಗಲಿಸುವ, ಚಿವುಟಿ ಹಿಡಿಯುವ ಶಕ್ತಿ ಕಡಿಮೆಯಾಗುತ್ತದೆ. ಗ್ಲಾಸು ಜಾರುತ್ತದೆ. ಮಣಿಕಟ್ಟನ್ನು ಹಿಂದಕ್ಕೆ ಮಡಚಿ ಹಿಡಿಯುವವರಿಗೆ ಇನ್ನೊಂದು ನರ ಸಿಕ್ಕಿಬೀಳುತ್ತದೆ. ಅವರಿಗೆ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಿಗೆ ಜೋಮು ಹಿಡಿಯುತ್ತದೆ, ರಾತ್ರಿ ನಿದ್ದೆಯಲ್ಲಿ ಕೈ ನೋಯುತ್ತದೆ.

ಕೆಲವು ವಾರ ಸೈಕಲ್ ಬಿಡು, ಅಂಗೈಗೆ ಒತ್ತು ಕೊಡಬೇಡ ಎಂದರು. ಹೆಚ್ಚಿನವರಿಗೆ ಒತ್ತಡ ತಪ್ಪಿದರೆ ನರ ತಾನಾಗಿ ಚೇತರಿಸಿಕೊಳ್ಳುತ್ತದೆ, ಆದರೆ ತಡಮಾಡಿದಷ್ಟೂ ಚೇತರಿಕೆ ನಿಧಾನ ಎಂದೂ ಹೇಳಿದರು. ಆ ಹುಡುಗನ ಕೈ ಮೂರು ತಿಂಗಳಲ್ಲಿ ಬಹುಮಟ್ಟಿಗೆ ಸರಿಯಾಯಿತು. ಅಷ್ಟರಲ್ಲಿ ಅವನು ಆ ಹೋಟೇಲನ್ನು ಬಿಟ್ಟಿದ್ದ, ಅಥವಾ ಆ ಹೋಟೇಲು ಅವನನ್ನು ಬಿಟ್ಟಿತ್ತು.

ಅವನು ಕೆಲಸ ಬಿಡುವ ಮೊದಲು ನಾವು ಹೋಗಿ ಆ ಸೈಕಲ್ಲನ್ನು ನೋಡಿದೆವು. ಇಪ್ಪತ್ತನಾಲ್ಕು ಇಂಚಿನ ಫ್ರೇಮಿನ ಹಳೆಯ ಕಪ್ಪು ಸೈಕಲ್ಲು. ಹುಡುಗನದ್ದು ಗಿಡ್ಡ ಆಳು. ಸೀಟಿನ ಕಂಬ ತುಕ್ಕು ಹಿಡಿದು ಕೂತಿತ್ತು, ಅದನ್ನು ಹಿಂದೆಂದೋ ಕೆಲಸಕ್ಕಿದ್ದ ಎತ್ತರದ ಆಳಿಗೆ ಹೊಂದಿಸಿದ್ದರು. ಸೀಟಿನ ಮೂತಿ ಕೆಳಕ್ಕೆ ವಾಲಿತ್ತು. ಹಿಡಿಕೆಯ ರಬ್ಬರು ಎರಡು ಕಡೆಯೂ ಇಲ್ಲ, ಬರೀ ಕಬ್ಬಿಣ. ಹ್ಯಾಂಡಲಿಗೆ ಎರಡು ಕೊಕ್ಕೆ, ಕೊಕ್ಕೆಗೆ ಎರಡು ಚೀಲ. ಹತ್ತಿ ಕೂತರೆ ಮೈ ತಾನಾಗಿ ಮುಂದಕ್ಕೆ ಜಾರುತ್ತದೆ. ಜಾರುವ ಮೈಯನ್ನು ತಡೆದು ಹಿಡಿಯಬೇಕಾದವು ಆ ಎರಡು ಕೈಗಳು. ಅವು ಸೈಕಲ್ಲನ್ನು ನಡೆಸುತ್ತಿರಲಿಲ್ಲ, ಹುಡುಗನನ್ನು ಹೊತ್ತುಕೊಂಡಿದ್ದವು.

ನಾವು ಹೇಳಬೇಕೆಂದಿರುವ ಮಾತು ಇಷ್ಟೇ. ಹ್ಯಾಂಡಲಿನ ಮೇಲಿನ ಕೈ ದಾರಿ ತೋರಿಸುವುದಕ್ಕೆ ಇರುವುದು. ಅದು ಮೈಯನ್ನು ಹೊರುವ ಕಂಬವೂ ಅಲ್ಲ, ಸಾಮಾನು ನೇತುಹಾಕುವ ಗೂಟವೂ ಅಲ್ಲ. ಕೈಯನ್ನು ಕಂಬ ಮಾಡಿದರೆ ಕೈ ಕೆಡುತ್ತದೆ, ಗೂಟ ಮಾಡಿದರೆ ದಾರಿ ಕೆಡುತ್ತದೆ. ಈ ಎರಡನ್ನೂ ತಪ್ಪಿಸಲು ಬೇಕಾದದ್ದು ಒಂದು ಪಾನಾ, ಎರಡು ರಬ್ಬರು, ಒಂದು ಕ್ಯಾರಿಯರು, ಅರ್ಧ ಗಂಟೆಯ ಸಮಯ.

ಈ ಯಂತ್ರವನ್ನು ಮೊದಲು ಮಾಡಿದವನಿಗೇ ಇದು ಗೊತ್ತಿತ್ತು. ಜರ್ಮನಿಯ ಕಾರ್ಲ್ ಡ್ರೈಸ್ ಎಂಬವನು 1817ರಲ್ಲಿ ಮನ್‌ಹೈಮ್ ಊರಿನಲ್ಲಿ ಎರಡು ಗಾಲಿಯ ಮರದ ಗಾಡಿಯನ್ನು ಓಡಿಸಿದ. ಅದಕ್ಕೆ ಪೆಡಲು ಇರಲಿಲ್ಲ, ಕಾಲಿನಿಂದ ನೆಲವನ್ನು ಒದ್ದು ಹೋಗುವುದು. ಆದರೆ ಅದರಲ್ಲಿ ಮುಂದಿನ ಗಾಲಿಯನ್ನು ತಿರುಗಿಸಲು ಒಂದು ಕೋಲು ಇತ್ತು, ಮುಂಗೈಗಳನ್ನು ಊರಲು ಬೇರೆಯೇ ಒಂದು ಮೆತ್ತನೆಯ ಹಲಗೆ ಇತ್ತು. ಭಾರ ಊರುವ ಜಾಗ ಬೇರೆ, ದಾರಿ ತಿರುಗಿಸುವ ಜಾಗ ಬೇರೆ. ಇನ್ನೂರು ವರ್ಷದ ಹಿಂದಿನ ಆ ತಿಳಿವಳಿಕೆ ಇವತ್ತಿನ ಮುಂಬಯಿಯ ಹೋಟೇಲಿನಲ್ಲಿ ಇಲ್ಲವೆಂದರೆ ಏನು ಹೇಳೋಣ?

ಈಗ ಸೈಕಲ್ಲು ಹೇಗೆ ತಿರುಗುತ್ತದೆ ಎಂಬುದನ್ನು ನೋಡೋಣ. ನಾವೆಲ್ಲ ದಿನವೂ ಹೊಡೆಯುತ್ತೇವೆ, ಆದರೆ ಹೇಗೆ ತಿರುಗಿಸುತ್ತೇವೆ ಎಂದು ಕೇಳಿದರೆ ತಪ್ಪು ಉತ್ತರ ಕೊಡುತ್ತೇವೆ. ಬಲಕ್ಕೆ ಹೋಗಬೇಕಾದರೆ ಹ್ಯಾಂಡಲನ್ನು ಬಲಕ್ಕೆ ತಿರುಗಿಸುತ್ತೇವೆ ಎನ್ನುತ್ತೇವೆ. ನಿಧಾನವಾಗಿ ಹೋಗುವಾಗ ಅದು ಮೇಲುನೋಟಕ್ಕೆ ಸರಿ. ವೇಗ ಸ್ವಲ್ಪ ಹೆಚ್ಚಿದ ಮೇಲೆ ನಡೆಯುವುದು ಬೇರೆ. ಬಲಗೈ ಹಿಡಿಕೆಯನ್ನು ಒಂದು ಕ್ಷಣ ನವಿರಾಗಿ ಮುಂದಕ್ಕೆ ಒತ್ತುತ್ತದೆ, ಗಾಲಿ ಒಂದಿಷ್ಟು ಎಡಕ್ಕೆ ಹೋಗುತ್ತದೆ, ಅದರಿಂದ ಸೈಕಲ್ಲು ಬಲಕ್ಕೆ ವಾಲುತ್ತದೆ, ವಾಲಿದ ಮೇಲೆ ಗಾಲಿ ಬಲಕ್ಕೆ ತಿರುಗಿ ನಾವು ಬಲಕ್ಕೆ ಹೋಗುತ್ತೇವೆ. ಇದು ನಮಗೆ ಗೊತ್ತಿಲ್ಲದೆ ನಮ್ಮ ಕೈ ಮಾಡುವ ಕೆಲಸ. ವಿಮಾನ ಹಾರಿಸಿದ ರೈಟ್ ಸೋದರರು ಮೊದಲು ಸೈಕಲ್ ಅಂಗಡಿ ಇಟ್ಟಿದ್ದವರು. ಅವರಲ್ಲಿ ಹಿರಿಯನಾದ ವಿಲ್ಬರ್ ಇದನ್ನು ಗಮನಿಸಿದ್ದ. ಸೈಕಲ್ ಹೊಡೆಯುವವರನ್ನೇ ಕೇಳಿದರೂ ಅವರಿಗೆ ಇದು ತಿಳಿದಿರುವುದಿಲ್ಲ ಎಂಬುದನ್ನೂ ಕಂಡುಕೊಂಡಿದ್ದ.

ಇನ್ನೊಂದು ಪರೀಕ್ಷೆಯನ್ನು ನೀವೇ ಮಾಡಿ ನೋಡಬಹುದು. ಸೈಕಲ್ಲಿನ ಪಕ್ಕದಲ್ಲಿ ನಿಂತು, ಹ್ಯಾಂಡಲನ್ನು ಮುಟ್ಟದೆ, ಸೀಟನ್ನು ಮಾತ್ರ ಹಿಡಿದು ಸೈಕಲ್ಲನ್ನು ಎಡಕ್ಕೆ ವಾಲಿಸಿ. ಮುಂದಿನ ಗಾಲಿ ತಾನಾಗಿ ಎಡಕ್ಕೆ ತಿರುಗುತ್ತದೆ. ಬಲಕ್ಕೆ ವಾಲಿಸಿದರೆ ಬಲಕ್ಕೆ. ಬೀಳುವ ಕಡೆಗೆ ಗಾಲಿ ತಾನೇ ತಿರುಗಿ ಸೈಕಲ್ಲನ್ನು ಎತ್ತಿ ನಿಲ್ಲಿಸಿಕೊಳ್ಳುವಂತೆ ಅದನ್ನು ಕಟ್ಟಿದ್ದಾರೆ. ಅಂದರೆ ಸೈಕಲ್ಲು ನೆಟ್ಟಗೆ ಹೋಗಲು ಬಯಸುವ ಪ್ರಾಣಿ. ಅದಕ್ಕೆ ಹೋಗಲು ಬಿಡಬೇಕಾದದ್ದೇ ಕೈಯ ಅರ್ಧ ಕೆಲಸ. ಬಿಗಿಹಿಡಿದ ಕೈ ಅದನ್ನು ಬಿಡುವುದಿಲ್ಲ.

ಐದು ಕಪ್ಪು ಚಹಾವನ್ನು ಒಂದೇ ಕೈಯಲ್ಲಿ ತರುವ ಮಾಣಿಯನ್ನು ನೋಡಿದ್ದೀರಲ್ಲ? ಅವನು ಮೊಣಕೈಯನ್ನು ಸೆಟೆಸಿ ಹಿಡಿಯುತ್ತಾನೆಯೇ? ಸೆಟೆಸಿದರೆ ಹೆಜ್ಜೆ ಹೆಜ್ಜೆಗೂ ಚಹಾ ಬಶಿಗೆ ಚೆಲ್ಲುತ್ತದೆ. ಮೊಣಕೈ ಸಡಿಲವಾಗಿದ್ದು, ಕಾಲಿನ ಕುಲುಕಾಟ ತೋಳಿನಲ್ಲೇ ಸತ್ತು, ಕಪ್ಪು ಅಲುಗುವುದಿಲ್ಲ. ಅದೇ ಮಾಣಿ ಸೈಕಲ್ ಹತ್ತಿದ ಕೂಡಲೇ ಮೊಣಕೈಯನ್ನು ಕೋಲಿನಂತೆ ನೆಟ್ಟಗೆ ಮಾಡುತ್ತಾನೆ. ಆಗ ಹೊಂಡದ ಪೆಟ್ಟು ಗಾಲಿಯಿಂದ ಮಣಿಕಟ್ಟಿಗೆ, ಅಲ್ಲಿಂದ ಭುಜಕ್ಕೆ, ಭುಜದಿಂದ ಕುತ್ತಿಗೆಗೆ ಹೋಗುತ್ತದೆ. ಭುಜ ಕುಲುಕಿದರೆ ಕೈ ಕುಲುಕುತ್ತದೆ, ಕೈ ಕುಲುಕಿದರೆ ದಾರಿ ತಪ್ಪುತ್ತದೆ. ಟೇಬಲಿನ ನಡುವೆ ನಡೆಯುವಾಗ ಇರುವ ಜಾಣತನವನ್ನು ಸೈಕಲ್ಲಿನ ಮೇಲೂ ಇಟ್ಟುಕೊಂಡರೆ ಸಾಕು.

ನಮ್ಮ ಚಾಳಿನಲ್ಲಿ ಒಬ್ಬರು ಹಿರಿಯರಿದ್ದಾರೆ. ಪರೇಲಿನ ಗಿರಣಿಯಲ್ಲಿ ನೂಲುವ ಖಾತೆಯಲ್ಲಿದ್ದವರು. 1982ರ ಜನವರಿ 18ರಂದು ಆರಂಭವಾದ ಮುಷ್ಕರದ ಅನಂತರ ಗಿರಣಿಗೆ ಮರಳಿ ಹೋಗಲಾಗದೆ, ಹಲವು ವರ್ಷ ಸೈಕಲ್ಲಿನ ಮೇಲೆ ಪೇಪರು ಹಾಕಿ ಮಕ್ಕಳನ್ನು ಸಾಕಿದರು. ಹ್ಯಾಂಡಲನ್ನು ಹೇಗೆ ಹಿಡಿಯಬೇಕೆಂದು ಕೇಳಿದರೆ ಅವರು ಹೇಳುವುದು, "ಕಡಿದ ನೂಲನ್ನು ಜೋಡಿಸುವಾಗ ಹಿಡಿಯುವಂತೆ ಹಿಡಿ. ಬಿಗಿದರೆ ಕಡಿಯುತ್ತದೆ, ಬಿಟ್ಟರೆ ಓಡುತ್ತದೆ." ಗಿರಣಿಯಲ್ಲಿ ದುಡಿದ ಬಾಂಧವರಿಗೆ ಇದಕ್ಕಿಂತ ಹೆಚ್ಚು ವಿವರಿಸಬೇಕಾಗಿಲ್ಲ.

ಕೈಯನ್ನು ಎಲ್ಲಿಡಬೇಕು ಎಂಬುದಕ್ಕೂ ಲೆಕ್ಕ ಉಂಟು. ಇಪ್ಪತ್ತೆರಡು ಇಂಚು ಅಗಲದ ಹ್ಯಾಂಡಲಿನ ತುದಿಗಳನ್ನು ಹಿಡಿದರೆ ಪ್ರತಿಯೊಂದು ಕೈಯೂ ನಡುವಿನಿಂದ ಹನ್ನೊಂದು ಇಂಚು ದೂರದಲ್ಲಿರುತ್ತದೆ. ಕೆಲವರು ನಡುವಿನ ಗಂಟಿನ ಹತ್ತಿರ, ನಾಲ್ಕು ಇಂಚು ದೂರದಲ್ಲಿ ಹಿಡಿಯುತ್ತಾರೆ. ಆಗ ಗಾಲಿಯನ್ನು ಅಷ್ಟೇ ತಿರುಗಿಸಲು ಮೂರು ಪಟ್ಟಿಗೆ ಹತ್ತಿರ ಬಲ ಬೇಕು. ಅದಕ್ಕಿಂತ ಕೆಟ್ಟದ್ದೆಂದರೆ, ಗಾಲಿ ಹೊಂಡಕ್ಕೆ ಬಿದ್ದು ಹೊರಳಿದಾಗ ಆ ಹೊರಳು ಕೈಗೆ ಮೂರು ಪಟ್ಟಿನಷ್ಟು ಬಲವಾಗಿ ಬರುತ್ತದೆ. ಉದ್ದ ಹಿಡಿಯ ಪಾನಾ ಹಗುರವಾಗಿ ತಿರುಗುತ್ತದೆ, ಗಿಡ್ಡ ಹಿಡಿಯ ಪಾನಾ ಕೈ ಮುರಿಯುತ್ತದೆ ಎಂಬುದು ಮೆಕ್ಯಾನಿಕ್ ಖಾತೆಯವರಿಗೆಲ್ಲ ಗೊತ್ತು. ನಡುವೆ ಹಿಡಿದಾಗ ಕೈ ಸ್ವಲ್ಪ ಅಲುಗಿದರೂ ಗಾಲಿ ಬಹಳ ತಿರುಗುತ್ತದೆ, ಆದ್ದರಿಂದ ಸೈಕಲ್ಲು ಹಾವಿನಂತೆ ಹೋಗುತ್ತದೆ. ಬ್ರೇಕೂ ಬೆರಳಿಗೆ ಸಿಗುವುದಿಲ್ಲ. ಬಸ್ಸುಗಳ ನಡುವೆ ಹೋಗುವಾಗ ಕೈ ತುದಿಯಲ್ಲೇ ಇರಬೇಕು, ಎರಡು ಬೆರಳು ಬ್ರೇಕಿನ ಮೇಲೆ ಇರಬೇಕು.

ಹಾಗೆಂದು ಹ್ಯಾಂಡಲು ಅಗಲವಾದಷ್ಟೂ ಒಳ್ಳೆಯದೆಂದಲ್ಲ. ಭುಜದ ಅಗಲಕ್ಕಿಂತ ಬಹಳ ಹೆಚ್ಚಾದರೆ ತೋಳುಗಳು ಚಾಚಿಕೊಂಡು ಕುತ್ತಿಗೆ ನೋಯುತ್ತದೆ, ಇಕ್ಕಟ್ಟಿನ ಗಲ್ಲಿಯಲ್ಲಿ ತುದಿ ತಾಗುತ್ತದೆ. ಇನ್ನು ಆಕಾರದ ಮಾತು. ನೆಟ್ಟಗೆ ನಿಂತು ಕೈಗಳನ್ನು ಇಳಿಬಿಡಿ. ಅಂಗೈಗಳು ತೊಡೆಯ ಕಡೆಗೆ ನೋಡುತ್ತವೆ, ನೆಲದ ಕಡೆಗಲ್ಲ. ನಮ್ಮ ಹಳೆಯ ಕಪ್ಪು ಸೈಕಲ್ಲಿನ ಹ್ಯಾಂಡಲು ಹಿಂದಕ್ಕೆ ಬಾಗಿರುವುದರಿಂದ ಕೈ ಹೆಚ್ಚು ಕಡಿಮೆ ಅದೇ ಸ್ಥಿತಿಯಲ್ಲಿ ಕೂರುತ್ತದೆ, ಮಣಿಕಟ್ಟು ತಿರುಚುವುದಿಲ್ಲ, ಬೆನ್ನು ನೆಟ್ಟಗಿರುತ್ತದೆ. ಈಗ ಬರುವ ನೇರ ಕೋಲಿನ ಹ್ಯಾಂಡಲಿನಲ್ಲಿ ಅಂಗೈ ಕೆಳಮುಖವಾಗುತ್ತದೆ. ಅದರಲ್ಲಿ ಮೊಣಕೈಯನ್ನು ಸ್ವಲ್ಪ ಹೊರಕ್ಕೆ ಮಡಚಿ ಹಿಡಿಯದಿದ್ದರೆ ಮಣಿಕಟ್ಟು ಪಕ್ಕಕ್ಕೆ ಓರೆಯಾಗುತ್ತದೆ. ನೋಡಲು ಹೊಸತು, ಚೆಲುವು. ಆದರೆ ದಿನಕ್ಕೆ ಒಂಬತ್ತು ಗಂಟೆ ದುಡಿಯುವವನು ಚೆಲುವನ್ನಲ್ಲ, ಮಣಿಕಟ್ಟನ್ನು ನೋಡಬೇಕು.

ನಮ್ಮ ದೇಶದಲ್ಲಿ ಆ ಕಪ್ಪು ಸೈಕಲ್ಲುಗಳನ್ನು ಮಾಡಿದವರೂ ನಮ್ಮಂಥ ಕಾರ್ಮಿಕರೇ. ಹರಿಯಾಣದ ಸೋನಿಪತ್ತಿನಲ್ಲಿ 1951ರಲ್ಲಿ ಆರಂಭವಾದ ಅಟ್ಲಾಸ್ ಕಂಪೆನಿಯ ಸೈಕಲ್ಲುಗಳು ಮುಂಬಯಿಯ ಗಲ್ಲಿಗಳಲ್ಲಿ ಇವತ್ತಿಗೂ ಓಡುತ್ತಿವೆ. ಆದರೆ ಸಾಹಿಬಾಬಾದಿನಲ್ಲಿದ್ದ ಆ ಕಂಪೆನಿಯ ಕಾರ್ಖಾನೆ 2020ರ ಜೂನ್ 3ರಂದು ಕೆಲಸ ನಿಲ್ಲಿಸಿತು. ಅದು ವಿಶ್ವ ಸೈಕಲ್ ದಿನವಾಗಿತ್ತು. ಅವರು ಸರಿಯಾಗಿ ಮಾಡಿ ಕಳಿಸಿದ ಹ್ಯಾಂಡಲನ್ನು ನಾವು ಕೊಕ್ಕೆ ಹಾಕಿ ಕೆಡಿಸುತ್ತಿದ್ದೇವೆ.

ಆ ಕೊಕ್ಕೆಯ ಮಾತಿಗೇ ಬರೋಣ. ಹ್ಯಾಂಡಲಿಗೆ ಚೀಲ ನೇತುಹಾಕಿದರೆ ಏನಾಗುತ್ತದೆ? ಒಂದೇ ಕಡೆ ಹಾಕಿದರೆ ಗಾಲಿ ಆ ಕಡೆಗೆ ಎಳೆಯುತ್ತದೆ, ಇನ್ನೊಂದು ಕೈ ಇಡೀ ದಾರಿಯುದ್ದಕ್ಕೂ ಅದನ್ನು ತಡೆಯುತ್ತಿರಬೇಕು. ಎರಡು ಕಡೆಯೂ ಸಮನಾಗಿ ಹಾಕಿದರೆ ಸರಿಯಾಯಿತೆಂದು ತಿಳಿಯಬೇಡಿ. ತೂಕ ಸಮವಾಯಿತು ನಿಜ, ಆದರೆ ಹ್ಯಾಂಡಲು ಜಡವಾಯಿತು. ತಿರುಗಿಸಲು ತಡ, ತಿರುಗಿದ ಮೇಲೆ ನಿಲ್ಲಿಸಲು ತಡ. ಇದರ ಮೇಲೆ ಚೀಲಗಳು ಗಡಿಯಾರದ ಲೋಲಕದಂತೆ ತೂಗಾಡುತ್ತವೆ. ನಾವು ಬಲಕ್ಕೆ ಹೋಗಲು ನೋಡುವಾಗ ಚೀಲ ಎಡಕ್ಕೆ ತೂಗುತ್ತದೆ. ಬೀಳುವ ಸೈಕಲ್ಲನ್ನು ಎತ್ತಿ ನಿಲ್ಲಿಸಲು ಗಾಲಿ ತಾನಾಗಿ ತಿರುಗುತ್ತದೆಂದು ಹೇಳಿದೆವಲ್ಲ, ಆ ಕೆಲಸಕ್ಕೂ ಚೀಲವೇ ಅಡ್ಡಿ. ಎಲ್ಲಕ್ಕಿಂತ ಭಯಂಕರವಾದದ್ದು, ಚೀಲದ ತುದಿ ಗಾಲಿಯ ಕಡ್ಡಿಗಳೊಳಗೆ ಹೋಗುವುದು. ಮುಂದಿನ ಗಾಲಿ ಥಟ್ಟನೆ ನಿಲ್ಲುತ್ತದೆ, ಹುಡುಗ ಹ್ಯಾಂಡಲಿನ ಮೇಲಿಂದ ಹಾರಿ ರಸ್ತೆಗೆ ಬೀಳುತ್ತಾನೆ. ಹಿಂದಿನಿಂದ ಬರುವ ಟೆಂಪೊದವನಿಗೆ ಸಾಂಬಾರಿನ ಚೀಲದ ಕಥೆ ಗೊತ್ತಿರುವುದಿಲ್ಲ.

ಭಾರ ಹೊರುವ ಜಾಗ ಹಿಂದಿನ ಕ್ಯಾರಿಯರು. ಹಾಲಿನ ಭಯ್ಯಾಗಳನ್ನು ನೋಡಿ. ಕ್ಯಾನುಗಳನ್ನು ಅವರು ಹಿಂದಿನ ಗಾಲಿಯ ಎರಡು ಬದಿಗೆ, ತಗ್ಗಿನಲ್ಲಿ, ಸಮನಾಗಿ ಕಟ್ಟುತ್ತಾರೆ. ತಗ್ಗಿನಲ್ಲಿದ್ದರೆ ವಾಲಾಟ ಕಡಿಮೆ. ಕ್ಯಾರಿಯರಿನ ಮೇಲೆ ಕಟ್ಟುವಾಗಲೂ ಭಾರವಾದದ್ದನ್ನು ಸೀಟಿನ ಹತ್ತಿರಕ್ಕೆ, ಹಗುರಾದದ್ದನ್ನು ಹಿಂದಕ್ಕೆ ಇಡಬೇಕು. ತೀರ ಹಿಂದಕ್ಕೆ ಭಾರ ಹೇರಿದರೆ ಮುಂದಿನ ಗಾಲಿ ಹಗುರಾಗಿ, ಹ್ಯಾಂಡಲು ಕೈಗೆ ನಿಲ್ಲದೆ ಅಲ್ಲಾಡುತ್ತದೆ. ಮುಂದೆ ಸಾಮಾನು ಇಡಲೇಬೇಕಾದರೆ ಬುಟ್ಟಿ ಚಿಕ್ಕದಿರಲಿ, ಸಾಮಾನು ಹಗುರಾಗಿರಲಿ, ಅಲುಗದಂತೆ ಬಿಗಿದಿರಲಿ.

ಒಂದೇ ಕೈಯ ಸವಾರಿ ನಮ್ಮಲ್ಲಿ ಒಂದು ಹೆಮ್ಮೆಯ ವಿಷಯವಾಗಿದೆ. ಎಡಗೈಯಲ್ಲಿ ಚಹಾದ ಕಿಟ್ಲಿ, ಬಲಗೈಯಲ್ಲಿ ಹ್ಯಾಂಡಲು, ಬಾಯಲ್ಲಿ ಹಾಡು. ಈಗಿನ ಹುಡುಗರಿಗೆ ಕಿಟ್ಲಿಯ ಬದಲು ಮೊಬೈಲು. ಇದನ್ನು ಹದಿನೈದು ವಯಸ್ಸಿನಲ್ಲಿ ನಾವೂ ಮಾಡಿದ್ದೇವೆ, ಮೊಣಕಾಲಿನ ಗಾಯದ ಗುರುತು ಇನ್ನೂ ಇದೆ. ಕಾರಣ ಈಗ ತಿಳಿಯುತ್ತದೆ. ನಮ್ಮ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಬಲಗೈಯದ್ದು ಮುಂದಿನ ಗಾಲಿಯ ಬ್ರೇಕು. ಯಾರೋ ಅಡ್ಡ ಬಂದರು, ಬಲಗೈ ಮುಂದಿನ ಬ್ರೇಕನ್ನು ಹಿಡಿಯಿತು. ಮೈಯ ಭಾರವೆಲ್ಲ ಮುಂದಕ್ಕೆ ನುಗ್ಗಿ ಒಂದೇ ಕೈಯ ಮೇಲೆ ಬಿತ್ತು. ಆ ಕೈ ಹ್ಯಾಂಡಲಿನ ಬಲತುದಿಯನ್ನು ಮುಂದಕ್ಕೆ ನೂಕಿತು, ಗಾಲಿ ಎಡಕ್ಕೆ ಹೊರಳಿತು, ನಾವು ನೆಲಕ್ಕೆ. ಎರಡು ಕೈ ಇದ್ದಿದ್ದರೆ ಒಂದು ನೂಕುವುದನ್ನು ಇನ್ನೊಂದು ತಡೆಯುತ್ತಿತ್ತು. ಹಾಡು ಬಾಯಲ್ಲಿ ಇರಲಿ, ಕೈ ಎರಡೂ ಹ್ಯಾಂಡಲಿನಲ್ಲಿ ಇರಲಿ.

ಇನ್ನು ಸೈಕಲ್ಲನ್ನು ನಮ್ಮ ಮೈಗೆ ಹೊಂದಿಸುವ ಕೆಲಸ. ಮೊದಲು ಸೀಟು. ಹಿಮ್ಮಡಿಯನ್ನು ಕೆಳಗಿನ ಪೆಡಲಿನ ಮೇಲಿಟ್ಟಾಗ ಕಾಲು ಹೆಚ್ಚು ಕಡಿಮೆ ನೆಟ್ಟಗಾಗಬೇಕು, ಸೊಂಟ ಆಚೀಚೆ ವಾಲಬಾರದು. ಸೀಟು ಸಮತಟ್ಟಾಗಿರಬೇಕು. ಮೂತಿ ಕೆಳಗಾದರೆ ಮೈ ಜಾರಿ ಕೈಯ ಮೇಲೆ ಬೀಳುತ್ತದೆ. ಕೈ ಜೋಮು ಹಿಡಿಯುವವರು ಮೊದಲು ನೋಡಬೇಕಾದದ್ದು ಹ್ಯಾಂಡಲನ್ನಲ್ಲ, ಸೀಟಿನ ಮೂತಿಯನ್ನು.

ಎರಡನೆಯದು ಹ್ಯಾಂಡಲಿನ ಎತ್ತರ. ನಮ್ಮಂಥವರಿಗೆ ಹಿಡಿಕೆ ಸೀಟಿನ ಮಟ್ಟಕ್ಕೆ ಅಥವಾ ಅದಕ್ಕಿಂತ ಸ್ವಲ್ಪ ಮೇಲೆ ಇದ್ದರೆ ಸುಖ. ನಡುವಿನ ಕಂಬದ ತಲೆಯ ಬೋಲ್ಟನ್ನು ಎರಡು ಮೂರು ಸುತ್ತು ಸಡಿಲಿಸಿ, ಅದರ ಮೇಲೊಂದು ಮರದ ತುಂಡಿಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಒಳಗಿನ ಬೆಣೆ ಬಿಡುತ್ತದೆ. ಆಗ ಹ್ಯಾಂಡಲು ಮೇಲೆ ಕೆಳಗೆ ಸರಿಯುತ್ತದೆ. ತೀರ ಮೇಲಕ್ಕೆ ಎಳೆಯಬಾರದು. ಕಂಬದ ಎರಡೂವರೆ ಇಂಚಾದರೂ ಒಳಗೆ ಉಳಿಯಬೇಕು, ಇಲ್ಲವಾದರೆ ಓಡುವಾಗ ಮುರಿದೀತು. ಕಂಬಿಯ ಬ್ರೇಕಿನ ಸೈಕಲ್ಲಾದರೆ ಹ್ಯಾಂಡಲಿನ ಜೊತೆಗೆ ಬ್ರೇಕಿನ ಕಂಬಿಯೂ ಮೇಲಕ್ಕೆ ಹೋಗುತ್ತದೆ. ಅದನ್ನು ಮತ್ತೆ ಹೊಂದಿಸದೆ ರಸ್ತೆಗೆ ಇಳಿಯಬೇಡಿ. ಎಲ್ಲ ಬಿಗಿದ ಮೇಲೆ ಮುಂದಿನ ಗಾಲಿಯನ್ನು ಎರಡು ಮೊಣಕಾಲುಗಳ ನಡುವೆ ಅದುಮಿ ಹಿಡಿದು ಹ್ಯಾಂಡಲನ್ನು ತಿರುಚಿ ನೋಡಿ. ಅಲುಗಬಾರದು.

ಮೂರನೆಯದು ಹಿಡಿಕೆ. ರಬ್ಬರು ಇರಲೇಬೇಕು. ಅದು ತಿರುಗದಂತೆ ಬಿಗಿಯಾಗಿರಬೇಕು. ಹಿಡಿದಾಗ ಮುಂಗೈ, ಮಣಿಕಟ್ಟು, ಅಂಗೈಯ ಹಿಂಬದಿ ಮೂರೂ ಒಂದೇ ಗೆರೆಯಲ್ಲಿರಬೇಕು. ಭಾರ ಬಿದ್ದರೆ ಕಿರುಬೆರಳ ಬುಡದ ಮೂಲೆಗೆ ಬೀಳದೆ ಅಂಗೈಯ ಅಗಲಕ್ಕೆಲ್ಲ ಹಂಚಬೇಕು. ಹತ್ತು ನಿಮಿಷಕ್ಕೊಮ್ಮೆ ಕೈಯ ಜಾಗವನ್ನು ಒಂದಿಷ್ಟು ಬದಲಿಸಬೇಕು. ಸಿಗ್ನಲಿನಲ್ಲಿ ನಿಂತಾಗ ಕೈ ಬಿಟ್ಟು ಬೆರಳು ಅಗಲಿಸಿ ಮಡಚಬೇಕು. ಇದಕ್ಕೆ ಕಾಸು ಖರ್ಚಿಲ್ಲ.

ನಾಲ್ಕನೆಯದು ಹ್ಯಾಂಡಲಿನ ಕೊರಳು. ಮುಂದಿನ ಗಾಲಿಯನ್ನು ನೆಲದಿಂದ ಎತ್ತಿ ಸೈಕಲ್ಲನ್ನು ಸ್ವಲ್ಪ ವಾಲಿಸಿ. ಗಾಲಿ ಸಲೀಸಾಗಿ ಆ ಕಡೆಗೆ ತಿರುಗಬೇಕು. ನಡುವೆ ಕಚ್ಚಿಕೊಂಡು ನಿಂತರೆ ಒಳಗಿನ ಬಾಲ್ಸು ಸವೆದಿದೆ ಎಂದರ್ಥ. ಅಂಥ ಸೈಕಲ್ಲನ್ನು ನೆಟ್ಟಗೆ ಒಯ್ಯಲು ಕೈ ಕ್ಷಣಕ್ಷಣಕ್ಕೂ ಗುದ್ದಾಡಬೇಕು. ಸಂಜೆಗೆ ತೋಳು ನೋಯುವುದು ಭಾರದಿಂದಲೇ ಅಲ್ಲ, ಈ ಗುದ್ದಾಟದಿಂದಲೂ.

ಇಷ್ಟನ್ನೆಲ್ಲ ಹೇಳಿದರೆ ಧಣಿಗಳು ಏನು ಹೇಳುತ್ತಾರೆಂದು ನಮಗೆ ಗೊತ್ತು. "ನಾವೂ ಇದೇ ಸೈಕಲ್ಲು ಹೊಡೆದು ಮೇಲೆ ಬಂದವರು. ನಮಗೇನೂ ಆಗಲಿಲ್ಲ." ಇದು ಸುಳ್ಳಲ್ಲ. ನಮ್ಮ ಹೋಟೇಲಿನ ಧಣಿಗಳಲ್ಲಿ ಎಷ್ಟೋ ಮಂದಿ ಲೋಟ ತೊಳೆದು ಮೇಲೆ ಬಂದವರು, ಅವರ ಮೇಲೆ ನಮಗೆ ಗೌರವವಿದೆ. ಆದರೆ ಅವರು ಗಲ್ಲಾದಲ್ಲಿ ಕೂತ ಮೇಲೆ ಕೈಗೆ ವಿಶ್ರಾಂತಿ ಸಿಕ್ಕಿತು. ಗಲ್ಲಾ ಸಿಗದೆ ಸೈಕಲ್ಲಿನ ಮೇಲೆಯೇ ಉಳಿದವರ ಕೈಯನ್ನು ಅವರು ನೋಡಿಲ್ಲ. ಒಂದು ಸೈಕಲ್ಲನ್ನು ಬೆಳಿಗ್ಗೆ ಗಿಡ್ಡ ಹುಡುಗ, ಮಧ್ಯಾಹ್ನ ಎತ್ತರದ ಹುಡುಗ, ರಾತ್ರಿ ಐವತ್ತು ದಾಟಿದ ಅಡುಗೆ ಸಹಾಯಕ ಹೊಡೆಯುವ ಹೋಟೇಲಿನಲ್ಲಿ, ಆ ಸೈಕಲ್ಲು ಯಾರಿಗೂ ಹೊಂದುವುದಿಲ್ಲ. ದೋಸೆ ಕಾವಲಿಯ ಎತ್ತರವನ್ನು ಭಟ್ಟರನ್ನು ನಿಲ್ಲಿಸಿ ನೋಡಿ ಕಟ್ಟಿಸುತ್ತಾರೆ, ಯಾಕೆಂದರೆ ದೋಸೆ ಕೆಟ್ಟರೆ ವ್ಯಾಪಾರ ಕೆಡುತ್ತದೆ. ಹುಡುಗನ ಕೈ ಕೆಟ್ಟರೆ ಊರಿನಿಂದ ಇನ್ನೊಬ್ಬ ಹುಡುಗ ಬರುತ್ತಾನೆ ಎಂಬ ಧೈರ್ಯವೇ ಈ ಅಲಕ್ಷ್ಯಕ್ಕೆ ಕಾರಣ. ನಾವು ಆಕ್ಷೇಪಿಸುವುದು ಆ ಧೈರ್ಯವನ್ನು.

ಆದ್ದರಿಂದ ನಮ್ಮ ಬೇಡಿಕೆಗಳನ್ನು ಸ್ಪಷ್ಟವಾಗಿ ಇಡುತ್ತೇವೆ. ಒಂದು, ಹೋಟೇಲಿನ ಕೆಲಸಕ್ಕೆ ಕೊಡುವ ಸೈಕಲ್ಲಿಗೆ ಗಟ್ಟಿ ಕ್ಯಾರಿಯರು, ಹಿಡಿಕೆಯ ರಬ್ಬರು, ಎರಡು ಬ್ರೇಕು ಇರಬೇಕು, ರಿಪೇರಿಯ ಖರ್ಚು ಮಾಲಿಕರದ್ದಾಗಬೇಕು. ಎರಡು, ಹ್ಯಾಂಡಲಿನ ಕೊಕ್ಕೆ ತೆಗೆಯಬೇಕು. ಮೂರು, ಸೀಟು ಸರಿಸಲು ಬರುವಂತಿರಬೇಕು, ಒಂದು ಪಾನಾ ಸೈಕಲ್ಲಿನ ಹತ್ತಿರವೇ ತೂಗುಹಾಕಿರಬೇಕು. ನಾಲ್ಕು, ಕೈ ಜೋಮು ಹಿಡಿಯುತ್ತದೆಂದು ಹೇಳಿದವನಿಗೆ ಕೆಲವು ವಾರ ಸೈಕಲ್ಲಿನ ಹೊರತಾದ ಕೆಲಸ ಕೊಡಬೇಕು, ಮನೆಗೆ ಕಳಿಸಬಾರದು.

ಐದನೆಯದು ಗ್ಲಾಸಿನ ಮಾತು. ಒಡೆದ ಸಾಮಾನಿನ ಹಣವನ್ನು ಸಂಬಳದಲ್ಲಿ ಮುರಿಯುವ ಮೊದಲು ಕಾರ್ಮಿಕನ ಸಮಾಧಾನವನ್ನು ಕೇಳಲೇಬೇಕು, ಅವನ ಅಲಕ್ಷ್ಯದಿಂದಲೇ ನಷ್ಟವಾಗಿರಬೇಕು, ನಷ್ಟಕ್ಕಿಂತ ಹೆಚ್ಚು ಮುರಿಯಬಾರದು ಎಂಬುದು 1936ರ ವೇತನ ಪಾವತಿ ಕಾಯ್ದೆಯಲ್ಲಿಯೇ ಬಂದ ತತ್ವ. 2019ರ ವೇತನ ಸಂಹಿತೆಯಲ್ಲಿಯೂ ಅದೇ ತತ್ವವನ್ನು ಇಟ್ಟಿದ್ದಾರೆ. ನರ ಅದುಮಿ ಹೋದ ಕೈಯಿಂದ ಗ್ಲಾಸು ಜಾರಿದರೆ ಅದು ಅಲಕ್ಷ್ಯವಲ್ಲ. ಆ ಹುಡುಗನ ವಿಷಯದಲ್ಲಿ ನಾವು ಡಾಕ್ಟರರ ಚೀಟಿಯನ್ನು ತೆಗೆದುಕೊಂಡು ಹೋಗಿ ಧಣಿಗಳ ಮುಂದಿಟ್ಟೆವು. ಬಹಳ ಹೊತ್ತು ಮಾತಾಯಿತು. ಕೊನೆಗೆ ಹನ್ನೊಂದು ಗ್ಲಾಸಿನ ಹಣ ಮರಳಿ ಬಂತು. ಕೊಕ್ಕೆ ಮಾತ್ರ ಹಾಗೆಯೇ ಇದೆ, ಬೇರೊಬ್ಬ ಹುಡುಗ ಆ ಸೈಕಲ್ಲನ್ನು ಹೊಡೆಯುತ್ತಿದ್ದಾನೆ.

ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಧಣಿಗಳು ಕ್ಯಾರಿಯರು ಕೊಟ್ಟ ಕಡೆಯೂ ಕಟ್ಟುವುದು ಬೇಸರವೆಂದು ನಾವು ಚೀಲವನ್ನು ಹ್ಯಾಂಡಲಿಗೇ ನೇತುಹಾಕುತ್ತೇವೆ. ಪಾನಾ ಇದ್ದರೂ ಸೀಟನ್ನು ಸರಿಸುವುದಿಲ್ಲ. ಬೆರಳು ಜೋಮು ಹಿಡಿದರೆ ವಾತವೆಂದು ಎಣ್ಣೆ ಸವರಿ ಮಲಗುತ್ತೇವೆ. ಹೇಳಿದರೆ ಕೆಲಸ ಹೋದೀತೆಂದು ಸುಮ್ಮನಿರುತ್ತೇವೆ. ಈ ಮೌನದಿಂದ ಉಳಿದ ಕೆಲಸ ಎಷ್ಟು ದಿನದ್ದು? ಊರಿನಿಂದ ಬರುವಾಗ ನಮ್ಮಲ್ಲಿ ಹೆಚ್ಚಿನವರು ತಂದದ್ದು ಒಂದು ಚೀಲ, ಎರಡು ಕೈ. ಚೀಲ ಎಂದೋ ಹರಿದು ಹೋಯಿತು. ಉಳಿದಿರುವುದು ಕೈ.

ಬರುವ ವಾರದ ರಜೆಯ ದಿನ ಸಂಜೆ ಸಂಘದ ಕಚೇರಿಯ ಮುಂದೆ ಪಾನಾ, ಸುತ್ತಿಗೆ, ಎಣ್ಣೆಯ ಡಬ್ಬಿ ಇಟ್ಟುಕೊಂಡು ನಾವು ಕೂತಿರುತ್ತೇವೆ. ಗಿರಣಿಯ ಆ ಹಿರಿಯರೂ ಬರುತ್ತೇನೆಂದಿದ್ದಾರೆ. ನಿಮ್ಮ ಹೋಟೇಲಿನ ಸೈಕಲ್ಲನ್ನು ತನ್ನಿ. ಸೀಟನ್ನೂ ಹ್ಯಾಂಡಲನ್ನೂ ನಿಮ್ಮ ಮೈಗೆ ಹೊಂದಿಸೋಣ, ಕೊಕ್ಕೆ ಬಿಚ್ಚೋಣ. ಕೈಯಲ್ಲಿ ಜೋಮು ಇದ್ದವರು ಒಂದು ಕಾಗದದ ಚೂರು ಹಿಡಿದು ನೋಡಿ. ಜಾರಿದರೆ ಅಂಜಬೇಡಿ, ಅಡಗಿಸಲೂ ಬೇಡಿ. ನಮಗೆ ಹೇಳಿ, ಆಸ್ಪತ್ರೆಗೆ ಜೊತೆಯಲ್ಲಿ ಹೋಗೋಣ.